ಸಹಾಯದ ಉತ್ತರ ಎಲ್ಲಿ ಉಳಿಯಬೇಕು?

ತಂತ್ರಾಂಶ ಪ್ರಶ್ನೋತ್ತರ: ಈ ಸಲ ಕೊಡಗಿನ ಓದುಗರ ಪ್ರಶ್ನೆಗಳು

ಕಾಫಿ ತೋಟದ ಕೂಲಿ, ಕೊಯ್ಲಿನ ತೂಕ, ಮಳೆಯ ಇಂಚು-ಸೆಂಟು ಬರೆದಿಡುವ ಓಪನ್ ಸೋರ್ಸ್ ತಂತ್ರಾಂಶವನ್ನು ನಾವು ಮೂವರು ನಡೆಸುತ್ತಿದ್ದೇವೆ. ಬಳಸುವವರು ಹೆಚ್ಚಾಗಿ ತೋಟದ ಮಾಲೀಕರು, ರೈಟರ್‌ಗಳು (ತೋಟದ ಲೆಕ್ಕ ಬರೆಯುವವರು). ಸಹಾಯವೆಲ್ಲ ಒಂದು ವಾಟ್ಸಾಪ್ ಗ್ರೂಪಿನಲ್ಲಿ. ಕೊಯ್ಲು ಶುರುವಾದರೆ ಒಂದೇ ಪ್ರಶ್ನೆಗೆ ದಿನಕ್ಕೆ ನಾಲ್ಕು ಸಲ ಉತ್ತರಿಸಬೇಕಾಗುತ್ತದೆ. ಯಾವ ವೇದಿಕೆಗೆ ಹೋಗಬೇಕು?
– ತಂತ್ರಾಂಶ ತಂಡ, ಗೋಣಿಕೊಪ್ಪ

ವೇದಿಕೆಯ ಹೆಸರಿಗಿಂತ ಮೊದಲು ನಿಮ್ಮ ಪ್ರಶ್ನೆಗಳನ್ನು ಎಣಿಸಿ. ವಾಟ್ಸಾಪ್ ಗ್ರೂಪಿನ ಮೆನುವಿನಲ್ಲಿ 'ಎಕ್ಸ್‌ಪೋರ್ಟ್ ಚಾಟ್' ಒತ್ತಿ, ಫೋಟೊ ಬೇಡ ಎಂದು ಆರಿಸಿದರೆ 40,000 ಸಂದೇಶಗಳವರೆಗೆ ಒಂದು ಪಠ್ಯ ಕಡತ ಸಿಗುತ್ತದೆ. ಗ್ರೂಪಿಗೆ 'ಅಡ್ವಾನ್ಸ್ಡ್ ಚಾಟ್ ಪ್ರೈವೆಸಿ' ಹಾಕಿದ್ದರೆ ಎಕ್ಸ್‌ಪೋರ್ಟ್ ಆಗುವುದಿಲ್ಲ. ಹಾಗಿದ್ದರೆ ಸದಸ್ಯರಿಗೆ ತಿಳಿಸಿ, ಅದನ್ನು ತೆಗೆದು ಮುಂದುವರಿಯಿರಿ. ಕೊನೆಯ ಒಂದು ತಿಂಗಳ ಪ್ರಶ್ನೆಗಳಿಗೆ ಪಕ್ಕದಲ್ಲಿ ಗುರುತು ಹಾಕುತ್ತ ಹೋಗಿ. 'ಹೇಗೆ ಮಾಡುವುದು' ಎಂಬವು ಎಷ್ಟು? ತಂತ್ರಾಂಶದ್ದೇ ದೋಷ ಎಷ್ಟು? ಒಬ್ಬರ ಖಾಸಗಿ ಲೆಕ್ಕ ನೋಡದೆ ಬಗೆಹರಿಯದವು ಎಷ್ಟು? ಒಂದು ಸಂಜೆಯ ಕೆಲಸ ಅಷ್ಟೆ. ಆದರೆ ಮುಂದಿನ ನಿರ್ಧಾರವೆಲ್ಲ ಇದರ ಮೇಲೆಯೇ ನಿಲ್ಲುತ್ತದೆ.

ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ ಎಂದು ನೀವೇ ಬರೆದಿದ್ದೀರಿ. ಅಂದರೆ ನಿಮಗೆ ಬೇಕಾದದ್ದು ಇನ್ನೊಂದು ಹರಟೆಯ ಜಾಗವಲ್ಲ. ಪ್ರಶ್ನೆಗೊಂದು ಶೀರ್ಷಿಕೆ, ಅದರ ಕೆಳಗೆ ಉತ್ತರ, 'ಇದೇ ಸರಿಯಾದ ಉತ್ತರ' ಎಂಬ ಗುರುತು, ಲಾಗಿನ್ ಇಲ್ಲದೆ ಯಾರಾದರೂ ಓದಬಹುದಾದ ವಿಳಾಸ – ಈ ನಾಲ್ಕೂ ಇರುವ ಜಾಗ ಬೇಕು. ವಾಟ್ಸಾಪ್‌ನಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಹೊಸದಾಗಿ ಸೇರಿದ ರೈಟರ್‌ಗೆ ಹಳೆಯ ಮಾತುಕತೆ ಪೂರ್ತಿ ಸಿಗುವುದಿಲ್ಲ, ಅವರ ಫೋನ್ ನಂಬರ್ ಮಾತ್ರ ಎಲ್ಲರಿಗೂ ಸಿಗುತ್ತದೆ. ಅಲ್ಲಿ ಎಷ್ಟು ಚೆನ್ನಾಗಿ ವಿವರಿಸಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಮೂರು ದಾರಿಗಳನ್ನು ತೂಗಿ ನೋಡಬಹುದು. ತಂತ್ರಾಂಶದ ಕೋಡ್ ಇಡುವ ಗಿಟ್‌ಹಬ್ ತಾಣದ ಚರ್ಚಾ ವಿಭಾಗವಾದ ಡಿಸ್ಕಷನ್ಸ್ ಉಚಿತ, ಸರ್ವರ್ ಬೇಡ, ಪ್ರಶ್ನೋತ್ತರ ವಿಭಾಗದಲ್ಲಿ ಉತ್ತರವನ್ನು ಗುರುತಿಸಲೂ ಬರುತ್ತದೆ. ಬರೆಯುವವರಿಗೆ ಗಿಟ್‌ಹಬ್ ಖಾತೆ ಬೇಕು ಎಂಬುದೊಂದೇ ಅಡ್ಡಿ. ಕೇಳುವವರು ಪ್ರೋಗ್ರಾಮರ್‌ಗಳೇ ಆಗಿದ್ದರೆ ಅದು ಅಡ್ಡಿಯೇ ಅಲ್ಲ, ತೋಟದ ರೈಟರ್‌ಗೆ ಅದು ಗೋಡೆ. ಫ್ಲಾರಮ್ ನಮ್ಮದೇ ಚರ್ಚಾ ವೇದಿಕೆ ನಡೆಸಲು ಬಳಸುವ ಹಗುರವಾದ ತಂತ್ರಾಂಶ. ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಇರುವ ಸಾಧಾರಣ ಹೋಸ್ಟಿಂಗ್‌ನಲ್ಲೂ ನಡೆಯುತ್ತದೆ. ಅದೇ ಬಗೆಯ ಡಿಸ್ಕೋರ್ಸ್‌ಗೆ ಭಾರ ಹೆಚ್ಚು, ಆದರೆ ಇಮೇಲ್‌ಗೆ ಉತ್ತರ ಬರೆದರೆ ಅದು ನೇರ ಚರ್ಚೆಗೆ ಸೇರುವುದು, ಉತ್ತರ ಗುರುತಿಸುವುದು, ಸ್ಪ್ಯಾಮ್ ತಡೆಯುವುದು ಎಲ್ಲ ಅದರೊಳಗೇ ಇವೆ. ವ್ಯಾಪಾರದ ಲೆಕ್ಕ ನೋಡುವ ಇಆರ್‌ಪಿನೆಕ್ಸ್ಟ್ ತಂತ್ರಾಂಶದ ಬಳಕೆದಾರರ ಸಮುದಾಯ ಅದರಲ್ಲೇ ನಡೆಯುತ್ತಿದೆ. ಪೈಥಾನ್ ಭಾಷೆಯ ಮುಖ್ಯ ಅಭಿವೃದ್ಧಿಕಾರರೂ ತಮ್ಮ ಹಳೆಯ ಇಮೇಲ್ ಪಟ್ಟಿಯಿಂದ 2022ರಲ್ಲಿ ಡಿಸ್ಕೋರ್ಸ್‌ಗೆ ಬಂದರು. ನಿಮ್ಮ ಮೂವರಲ್ಲಿ ಒಬ್ಬರಿಗಾದರೂ ಲಿನಕ್ಸ್ ಸರ್ವರ್ ನೋಡಿಕೊಂಡ ಅಭ್ಯಾಸ ಇದ್ದರೆ ಡಿಸ್ಕೋರ್ಸ್ ಹಾಕಿ. ಯಾರಿಗೂ ಇಲ್ಲದಿದ್ದರೆ ಫ್ಲಾರಮ್ ಸಾಕು. ನೋಡಿಕೊಳ್ಳುವವರಿಲ್ಲದ ದೊಡ್ಡ ವೇದಿಕೆಗಿಂತ ನೆಟ್ಟಗೆ ನಡೆಯುವ ಚಿಕ್ಕದು ಎಷ್ಟೋ ಮೇಲು.

ಯಾವುದನ್ನೇ ಆರಿಸಿದರೂ ಜನರಿಗೆ ಕೊಡುವ ವಿಳಾಸ ನಿಮ್ಮ ಸ್ವಂತ ಡೊಮೈನ್‌ನದಾಗಿರಲಿ. ನಾಳೆ ವೇದಿಕೆ ಬದಲಾದರೂ ಜನ ಅದೇ ವಿಳಾಸಕ್ಕೆ ಬರುತ್ತಾರೆ. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಅದಕ್ಕೂ ಒಂದು ವರ್ಷ ಮೊದಲೇ ಅಲ್ಲಿದ್ದ ಹಳೆಯ ಬರಹಗಳನ್ನು ಅಳಿಸಲಾಗಿತ್ತು. ಅಲ್ಲೇ ಮನೆ ಮಾಡಿಕೊಂಡಿದ್ದ ಗುಂಪುಗಳ ಹತ್ತಿಪ್ಪತ್ತು ವರ್ಷದ ತಿಳಿವಳಿಕೆ ಅದರ ಜೊತೆ ಹೋಯಿತು.

ವಾಟ್ಸಾಪ್ ಗ್ರೂಪನ್ನು ಮುಚ್ಚಬೇಡಿ, ಅದು ಬಾಗಿಲಾಗಿ ಉಳಿಯಲಿ. ಅಲ್ಲಿ ಪ್ರಶ್ನೆ ಬಂದಾಗ ಉತ್ತರವನ್ನು ವೇದಿಕೆಯಲ್ಲಿ ಬರೆದು, ಗ್ರೂಪಿಗೆ ಲಿಂಕ್ ಮಾತ್ರ ಹಾಕಿ. ಮೂವರೂ ಈ ಶಿಸ್ತು ಪಾಲಿಸಬೇಕು. ಒಬ್ಬರು 'ಪರವಾಗಿಲ್ಲ, ಇಲ್ಲೇ ಹೇಳಿಬಿಡೋಣ' ಎಂದರೆ ಜನ ವೇದಿಕೆಯ ಕಡೆ ತಿರುಗಿಯೂ ನೋಡುವುದಿಲ್ಲ.

ಕಾಲದ ಬಗ್ಗೆಯೂ ಒಂದು ಮಾತು. ಅರೇಬಿಕಾ ಕೊಯ್ಲು ನವೆಂಬರ್‌ನಲ್ಲಿ, ರೋಬಸ್ಟಾ ಜನವರಿಯ ಹೊತ್ತಿಗೆ ಶುರುವಾಗುತ್ತದೆ. ಆಗ ಯಾರಿಗೂ ಹೊಸದನ್ನು ಕಲಿಯಲು ಪುರುಸೊತ್ತಿಲ್ಲ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಮುಗಿದ ಮೇಲೆ, ಏಪ್ರಿಲ್–ಮೇ ತಿಂಗಳಲ್ಲಿ ಬದಲಾಯಿಸಿ. ಮುಂದಿನ ಕೊಯ್ಲಿಗೆ ಮೊದಲು ಮುಖ್ಯ ಉತ್ತರಗಳು ಅಲ್ಲಿ ಕೂತಿರುತ್ತವೆ.

ನಮ್ಮ ವಯಸ್ಸಿನವರೆಲ್ಲ ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನಲ್ಲಿದ್ದಾರೆ. ಉಚಿತ, ಐದು ನಿಮಿಷದಲ್ಲಿ ಸಿದ್ಧ. ಅದನ್ನೇ ಸಹಾಯಕ್ಕೂ ಬಳಸಿದರೆ ಏನು ತಪ್ಪು?
– ಎಂಜಿನಿಯರಿಂಗ್ ವಿದ್ಯಾರ್ಥಿ, ಕುಶಾಲನಗರ

ಅಭಿವೃದ್ಧಿ ಮಾಡುವವರು ಪರಸ್ಪರ ಮಾತಾಡಿಕೊಳ್ಳಲು ತಪ್ಪೇನಿಲ್ಲ. ಸಹಾಯಕ್ಕೆ ಮಾತ್ರ ಬೇಡ. ಡಿಸ್ಕಾರ್ಡ್ ಒಳಗಿನ ಮಾತು ಗೂಗಲ್‌ನಂಥ ಹುಡುಕು ಯಂತ್ರಗಳಿಗೆ ಕಾಣುವುದಿಲ್ಲ. ದೋಷದ ಸಂದೇಶವನ್ನು ಗೂಗಲ್‌ನಲ್ಲಿ ಅಂಟಿಸಿದವರಿಗೆ ನಿಮ್ಮ ಉತ್ತರ ಸಿಗುವುದೇ ಇಲ್ಲ. ಮೊದಲು ಖಾತೆ, ಆಮೇಲೆ ಆಹ್ವಾನ, ಆಮೇಲೆ ಒಳಗೆ ಹುಡುಕಾಟ – ಇಷ್ಟು ದೂರ ಬರುವವರು ಕಡಿಮೆ. ಇನ್ನೊಂದು ಚಾಟ್ ಆ್ಯಪ್ ಸ್ಲ್ಯಾಕ್‌ನ ಉಚಿತ ಯೋಜನೆ ಇನ್ನೂ ಬಿಗಿ: 2022ರ ಸೆಪ್ಟೆಂಬರ್‌ನಿಂದ ಕೊನೆಯ 90 ದಿನಗಳ ಮಾತು ಮಾತ್ರ ಕಾಣುತ್ತದೆ. ಜನವರಿಯಲ್ಲಿ ಬರೆದ ಉತ್ತರ ಮುಂಗಾರಿನ ಹೊತ್ತಿಗೆ ಮಾಯ.

ಚಾಟ್‌ನ ವೇಗವೇ ಬೇಕು ಎಂದಿದ್ದರೆ ಜೂಲಿಪ್ ನೋಡಿ. ಅದು ಓಪನ್ ಸೋರ್ಸ್. ಪ್ರತಿ ಸಂದೇಶವೂ ಒಂದು ವಿಷಯದ ಹೆಸರಿನ ಕೆಳಗೆ ಕೂರುತ್ತದೆ, ಆದ್ದರಿಂದ ಮೂರು ದಿನ ಕಳೆದು ಬಂದವರೂ ಒಂದು ಎಳೆ ಹಿಡಿದು ಓದಬಹುದು. ಸಾರ್ವಜನಿಕ ಎಂದು ಗುರುತಿಸಿದ ಚಾನೆಲ್‌ಗಳನ್ನು ಲಾಗಿನ್ ಇಲ್ಲದೆ ಓದಲು ಬಿಡಬಹುದು. ಓಪನ್ ಸೋರ್ಸ್ ಯೋಜನೆಗಳಿಗೆ ಕ್ಲೌಡ್ ಸೇವೆ ಉಚಿತವಾಗಿ ಸಿಗುತ್ತದೆ, ಅರ್ಜಿ ಹಾಕಬೇಕು.

ಚಾಟ್ ಜಾಗ ಯಾರದ್ದು ಎಂಬುದೂ ಮುಖ್ಯ. ಓಪನ್ ಸೋರ್ಸ್ ಯೋಜನೆಗಳು ವರ್ಷಗಟ್ಟಲೆ ಫ್ರೀನೋಡ್ ಎಂಬ ಐಆರ್‌ಸಿ (ಹಳೆಯ ಕಾಲದ ಚಾಟ್ ವ್ಯವಸ್ಥೆ) ಜಾಲದಲ್ಲಿದ್ದವು. 2021ರ ಮೇ ತಿಂಗಳಲ್ಲಿ ಅದರ ಹಿಡಿತದ ಬಗ್ಗೆ ಜಗಳವಾಗಿ ಅದನ್ನು ನಡೆಸುತ್ತಿದ್ದ ಸ್ವಯಂಸೇವಕರು ಹೊರಬಂದು ಲಿಬೆರಾ ಚಾಟ್ ಕಟ್ಟಿದರು. ಉಬುಂಟು, ವಿಕಿಮೀಡಿಯದಂಥ ಸಮುದಾಯಗಳು ಕೆಲವೇ ದಿನಗಳಲ್ಲಿ ಅಲ್ಲಿಗೆ ಗುಳೆ ಹೋದವು. ಅವರಿಗೆ ಹಾಗೆ ಹೋಗಲು ಸಾಧ್ಯವಾದದ್ದು, ತಮ್ಮ ದಾಖಲೆಗಳನ್ನೂ ಸದಸ್ಯರನ್ನು ತಲುಪುವ ದಾರಿಯನ್ನೂ ಬೇರೆ ಕಡೆ ಇಟ್ಟುಕೊಂಡಿದ್ದರಿಂದ.

ಡಿಸ್ಕೋರ್ಸ್ ನಾವೇ ಹಾಕಿಕೊಳ್ಳಲು ಏನೇನು ಬೇಕು? ಕಚೇರಿಯಲ್ಲಿ ಸುಮ್ಮನೆ ಕೂತಿರುವ ಹಳೆಯ ಕಂಪ್ಯೂಟರ್ ಸಾಲದೇ?
– ಓದುಗರು, ಮಡಿಕೇರಿ

ಕಲಿಯಲು ಸಾಕು, ನಡೆಸಲು ಸಾಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ಮರ ಬಿದ್ದು ಕರೆಂಟ್ ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳುವಂತಿಲ್ಲ. ಯುಪಿಎಸ್ ಕೆಲವು ಗಂಟೆ ತಡೆಯುತ್ತದೆ, ಫೈಬರ್ ತುಂಡಾದರೆ ಅದೂ ಉಪಯೋಗವಿಲ್ಲ. ಇದರ ಮೇಲೆ, ಹಲವು ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ನಿಮಗೇ ಮೀಸಲಾದ ಸಾರ್ವಜನಿಕ ಐಪಿ ವಿಳಾಸ ಇರುವುದಿಲ್ಲ. ಹೊರಗಿನವರು ನಿಮ್ಮ ಯಂತ್ರಕ್ಕೆ ಬರುವ ದಾರಿಯೇ ಇರುವುದಿಲ್ಲ. ಡೇಟಾ ಸೆಂಟರ್‌ನಲ್ಲಿ ಬಾಡಿಗೆಗೆ ಒಂದು ಸರ್ವರ್ ತೆಗೆದುಕೊಳ್ಳಿ. 1 ಜಿಬಿ ಮೆಮೊರಿಯಲ್ಲೂ ಸ್ವಾಪ್ (ಮೆಮೊರಿಯಂತೆ ಬಳಸುವ ಡಿಸ್ಕ್ ಜಾಗ) ಸೇರಿಸಿ ಓಡಿಸಬಹುದು, ಆದರೆ ಅಪ್‌ಡೇಟ್ ಮಾಡುವಾಗ ಮೆಮೊರಿ ಸಾಲದೆ ಅರ್ಧಕ್ಕೆ ನಿಲ್ಲುತ್ತದೆ. 2 ಜಿಬಿ ಮೆಮೊರಿ, 2 ಜಿಬಿ ಸ್ವಾಪ್, ಕನಿಷ್ಠ 20 ಜಿಬಿ ಡಿಸ್ಕ್ ಇಟ್ಟುಕೊಳ್ಳಿ. ತಿಂಗಳಿಗೆ ಸಾವಿರ ರೂಪಾಯಿಯ ಆಸುಪಾಸಿನ ಖರ್ಚು.

ಕೆಲಸದ ಅನುಕ್ರಮ ತಪ್ಪಬಾರದು. ಮೊದಲು ಡೊಮೈನ್ ಕೊಂಡು, 'ಸಹಾಯ' ಎಂಬ ಅರ್ಥದ ಒಂದು ಉಪಡೊಮೈನ್‌ನ ಎ ರೆಕಾರ್ಡ್ (ಹೆಸರನ್ನು ಐಪಿ ವಿಳಾಸಕ್ಕೆ ಜೋಡಿಸುವ ದಾಖಲೆ) ಅನ್ನು ಸರ್ವರ್‌ನ ಐಪಿಗೆ ತೋರಿಸಿ. ಬರಿಯ ಐಪಿ ವಿಳಾಸದ ಮೇಲೆ ಡಿಸ್ಕೋರ್ಸ್ ನಡೆಯುವುದಿಲ್ಲ. ಎರಡನೆಯದು ಇಮೇಲ್, ಇಲ್ಲೇ ಹೆಚ್ಚಿನವರು ಎಡವುವುದು. ಖಾತೆ ತೆರೆಯಲು, ಪಾಸ್‌ವರ್ಡ್ ಬದಲಿಸಲು, ಸೂಚನೆ ಕಳಿಸಲು ಎಲ್ಲಕ್ಕೂ ಇಮೇಲ್ ಬೇಕು. ಸರ್ವರ್ ಬಾಡಿಗೆ ಕೊಡುವ ಬಹಳಷ್ಟು ಕಂಪನಿಗಳು ಸ್ಪ್ಯಾಮ್ ತಡೆಯಲು ಇಮೇಲ್ ಹೊರಹೋಗುವ ದಾರಿಯಾದ 25ನೇ ಪೋರ್ಟ್ ಮುಚ್ಚಿರುತ್ತವೆ. ಆದ್ದರಿಂದ ಇಮೇಲ್ ಕಳಿಸುವ ಒಂದು ಸೇವೆಯಲ್ಲಿ ಖಾತೆ ಮಾಡಿ 587ನೇ ಪೋರ್ಟ್ ಬಳಸಿ. ಇಮೇಲ್ ನಿಜಕ್ಕೂ ನಿಮ್ಮದೇ ಎಂದು ತೋರಿಸಲು ಅವರು ಕೊಡುವ ಎಸ್‌ಪಿಎಫ್, ಡಿಕಿಮ್ ದಾಖಲೆಗಳನ್ನು ನಿಮ್ಮ ಡೊಮೈನ್‌ನ ಡಿಎನ್‌ಎಸ್‌ಗೆ (ಹೆಸರು-ವಿಳಾಸಗಳ ದಾಖಲೆ ಪಟ್ಟಿ) ಸೇರಿಸಿ, ಅವು ದೃಢವಾದ ಮೇಲಷ್ಟೇ ಮುಂದೆ ಹೋಗಿ. ಇವಿಲ್ಲದ ಇಮೇಲನ್ನು ಜಿಮೇಲ್ 2024ರ ಫೆಬ್ರವರಿಯಿಂದ ಇನ್ನೂ ಕಟ್ಟುನಿಟ್ಟಾಗಿ ತಡೆಯುತ್ತಿದೆ.

ಮೂರನೆಯದಾಗಿ, ಉಬುಂಟು ಎಲ್‌ಟಿಎಸ್ ಇರುವ ಸರ್ವರ್‌ನಲ್ಲಿ 80 ಮತ್ತು 443ನೇ ಪೋರ್ಟ್‌ಗಳನ್ನು ತೆರೆದು, ಡಿಸ್ಕೋರ್ಸ್‌ನ ಅಧಿಕೃತ ಡಾಕರ್ (ತಂತ್ರಾಂಶವನ್ನು ಅದಕ್ಕೆ ಬೇಕಾದದ್ದೆಲ್ಲದರ ಜೊತೆ ಕಟ್ಟಿಕೊಡುವ ವ್ಯವಸ್ಥೆ) ಪ್ಯಾಕೇಜಿನಲ್ಲಿರುವ ಸೆಟಪ್ ಸ್ಕ್ರಿಪ್ಟ್ ಓಡಿಸಿ. ಅದು ಡೊಮೈನ್, ನಿರ್ವಾಹಕರ ಇಮೇಲ್, ಎಸ್‌ಎಂಟಿಪಿ (ಇಮೇಲ್ ಕಳಿಸುವ ಸೇವೆಯ) ವಿವರ ಕೇಳುತ್ತದೆ. ಡಿಎನ್‌ಎಸ್ ಇನ್ನೂ ಹರಡದಿರುವಾಗ ಆತುರಪಟ್ಟು ಮತ್ತೆ ಮತ್ತೆ ಓಡಿಸಬೇಡಿ. ಭದ್ರತಾ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಒಂದು ಹೆಸರಿಗೆ ಗಂಟೆಗೆ 5 ವಿಫಲ ಪ್ರಯತ್ನಗಳನ್ನು ಮಾತ್ರ ಒಪ್ಪುತ್ತದೆ. ಆಮೇಲೆ ಎಲ್ಲ ಸರಿಮಾಡಿದರೂ ಕಾಯಬೇಕು.

ಶುರುವಾದ ಮೇಲೆ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಪ್ರತಿ ಸಲ ಡಿಸ್ಕೋರ್ಸನ್ನು ಮತ್ತೆ ಕಟ್ಟಿದಾಗ (ರೀಬಿಲ್ಡ್) ಹಳೆಯ ಡಾಕರ್ ಇಮೇಜುಗಳು ಉಳಿದು ಡಿಸ್ಕ್ ತುಂಬುತ್ತದೆ, ತುಂಬಿದ ದಿನ ಡೇಟಾಬೇಸ್ ನಿಲ್ಲುತ್ತದೆ. ಅದೇ ಪ್ಯಾಕೇಜಿನ ಲಾಂಚರ್ ಸ್ಕ್ರಿಪ್ಟಿನ 'ಕ್ಲೀನಪ್' ಆಜ್ಞೆಯನ್ನು ತಿಂಗಳಿಗೊಮ್ಮೆ ಕೊಡಿ. ಇನ್ನೊಂದು ಬ್ಯಾಕಪ್. ತಾನಾಗಿ ಆಗುವ ಬ್ಯಾಕಪ್ 7 ದಿನಕ್ಕೊಮ್ಮೆ, ಅದೂ ಅದೇ ಸರ್ವರ್‌ನೊಳಗೆ. ಸರ್ವರ್ ಹೋದರೆ ಬ್ಯಾಕಪ್ಪೂ ಹೋಯಿತು. ಅವಧಿಯನ್ನು 1 ದಿನಕ್ಕೆ ಇಳಿಸಿ, ಕಡತ ಬೇರೆ ಕಡೆಗೆ ಹೋಗುವಂತೆ ಮಾಡಿ, ಆರು ತಿಂಗಳಿಗೊಮ್ಮೆ ಅದನ್ನು ಇನ್ನೊಂದು ಯಂತ್ರದಲ್ಲಿ ಬಿಚ್ಚಿ ನೋಡಿ. ನಿಮ್ಮ ಕಚೇರಿಯ ಹಳೆಯ ಕಂಪ್ಯೂಟರ್‌ಗೆ ಇದು ಒಳ್ಳೆಯ ಕೆಲಸ.

ಇನ್ನೊಂದು ಸಂಗತಿ. ಸದಸ್ಯರು ಸುಮಾರು 50 ಆಗುವವರೆಗೆ ಡಿಸ್ಕೋರ್ಸ್ ಹೊಸಬರಿಗೆ ಸಡಿಲು ಬಿಡುತ್ತದೆ. ಆಮೇಲೆ ಸೇರುವವರು ಒಂದು ಬರಹಕ್ಕೆ ಒಂದೇ ಚಿತ್ರ ಹಾಕಬಹುದು, ಕಡತ ಲಗತ್ತಿಸುವಂತಿಲ್ಲ. ಐದು ಚರ್ಚೆ ತೆರೆದು, 30 ಬರಹ, ಒಟ್ಟು 10 ನಿಮಿಷ ಓದಿದ ಮೇಲೆ ಕಟ್ಟು ಸಡಿಲಾಗುತ್ತದೆ. ಸ್ಪ್ಯಾಮ್ ತಡೆಗೆ ಇದು ಒಳ್ಳೆಯದೇ, ಆದರೆ ಸಹಾಯ ಕೇಳಲು ಬಂದವರ ಕೈಯಲ್ಲಿ ಇರುವುದೇ ಲಾಗ್ ಕಡತ. ಹೊಸಬರಿಗೆ 3 ಚಿತ್ರ, 1 ಲಗತ್ತು ಎಂದು ಸೆಟ್ಟಿಂಗ್ ಬದಲಿಸಿ.

ನಮ್ಮಲ್ಲಿ ಕೆಲವರು ಕನ್ನಡ, ಕೆಲವರು ಕೊಡವ ತಕ್ಕ್, ಸೋಮವಾರಪೇಟೆ–ಸುಳ್ಯದ ಕಡೆಯವರಲ್ಲಿ ಕೆಲವರು ಅರೆಭಾಷೆಯಲ್ಲಿ ಬರೆಯುತ್ತಾರೆ. ಭಾಷೆಗೊಂದು ವಿಭಾಗ ಮಾಡಬೇಕೆ? ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ ಎಂಬ ದೂರೂ ಇದೆ.
– ಸ್ವಯಂಸೇವಕಿ, ಸೋಮವಾರಪೇಟೆ

ವಿಭಾಗ ಒಡೆಯಬೇಡಿ. ಮೂರೂ ಕನ್ನಡ ಲಿಪಿಯಲ್ಲೇ ಬರುತ್ತವೆ, ಒಂದೇ ಕಡೆ ಇದ್ದರೆ ಒಬ್ಬರ ಉತ್ತರ ಇನ್ನೊಬ್ಬರಿಗೆ ಸಿಗುತ್ತದೆ. ಉತ್ತರಿಸುವವರು ಕೈಬೆರಳಷ್ಟು ಇರುವಾಗ ಕೋಣೆ ಹೆಚ್ಚಿಸಿದರೆ ಎಲ್ಲ ಕೋಣೆಯೂ ಖಾಲಿ. ಕೇಳಿದವರ ಭಾಷೆಯಲ್ಲಿ ಉತ್ತರಿಸಿ, ಶೀರ್ಷಿಕೆಯನ್ನು ಮಾತ್ರ ನಿರ್ವಾಹಕರು ಕನ್ನಡದಲ್ಲಿ ತಿದ್ದಿಡಲಿ.

ಹುಡುಕಾಟದ ದೂರು ನಿಜ, ಕಾರಣವೂ ಇದೆ. ಡಿಸ್ಕೋರ್ಸ್ ಹುಡುಕುವುದು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಮೂಲಕ. ಪದದ ಪ್ರತ್ಯಯ ಕಳಚಿ ಮೂಲರೂಪ ಹಿಡಿಯುವ ವ್ಯವಸ್ಥೆ ಅದರಲ್ಲಿ ಹಿಂದಿ, ತಮಿಳು, ನೇಪಾಳಿಗಳಿಗೆ ಇದೆ, ಕನ್ನಡಕ್ಕೆ ಇಲ್ಲ. 'ಪ್ರಿಂಟರ್', 'ಪ್ರಿಂಟರಿನಲ್ಲಿ', 'ಪ್ರಿಂಟರಿಗೆ' ಮೂರೂ ಅದಕ್ಕೆ ಬೇರೆ ಬೇರೆ ಪದ. ಇನ್ನೂ ಸೂಕ್ಷ್ಮವಾದ ತೊಡಕು, ಕಣ್ಣಿಗೆ ಕಾಣದ ಅಕ್ಷರದ್ದು. 'ಪ್ರಿಂಟರ್‌ಗೆ' ಎಂದು ಬರೆಯುವಾಗ ಗಕಾರ ಒತ್ತಾಗದಿರಲೆಂದು ಕೀಬೋರ್ಡ್ ನಡುವೆ ಒಂದು ಅದೃಶ್ಯ ಚಿಹ್ನೆ ಸೇರಿಸುತ್ತದೆ. ಒಬ್ಬರು ಸೇರಿಸಿ, ಇನ್ನೊಬ್ಬರು ಸೇರಿಸದೆ ಬರೆದರೆ ಎರಡೂ ಹೊಂದುವುದಿಲ್ಲ.

ನಿಮ್ಮ ವೇದಿಕೆಯಲ್ಲೇ ಪರೀಕ್ಷಿಸಿ: ಈ ರೂಪಗಳಿರುವ ನಾಲ್ಕು ಬರಹ ಹಾಕಿ, 'ಪ್ರಿಂಟರ' ಎಂದು ಅರ್ಧಾಕ್ಷರವಿಲ್ಲದೆ ಹುಡುಕಿ, ಎಷ್ಟು ಬರುತ್ತವೆ ನೋಡಿ. ಇದಕ್ಕೆ ಗಟ್ಟಿಯಾದ ಪರಿಹಾರ ಟ್ಯಾಗ್‌ಗಳು. ಹದಿನೈದಿಪ್ಪತ್ತು ಟ್ಯಾಗ್ ಸಾಕು: ಕೂಲಿ, ತೂಕ, ಮಳೆ, ಪ್ರಿಂಟ್, ಬ್ಯಾಕಪ್, ಹೀಗೆ. ಒಂದೇ ಕಾಗುಣಿತ ನಿಗದಿಮಾಡಿ, ಹೊಸ ಟ್ಯಾಗ್ ಸೃಷ್ಟಿಸುವ ಹಕ್ಕನ್ನು ನಿರ್ವಾಹಕರಿಗೆ ಮಾತ್ರ ಕೊಡಿ. ತಂತ್ರಾಂಶ ತೋರಿಸುವ ದೋಷ ಸಂದೇಶವನ್ನು ಅನುವಾದಿಸದೆ, ಚಿತ್ರವಾಗಿ ಹಾಕದೆ, ಪಠ್ಯವಾಗಿ ಹಾಗೇ ಅಂಟಿಸಲು ಹೇಳಿ. ಜನ ಹುಡುಕುವುದು ಅದನ್ನೇ.

ಕನ್ನಡ ಶೀರ್ಷಿಕೆಯ ಲಿಂಕ್ ವಾಟ್ಸಾಪ್‌ಗೆ ಹೋದಾಗ ಶೇಕಡಾ ಚಿಹ್ನೆಗಳ ಉದ್ದನೆಯ ಸರಪಳಿ ಆಗುವುದನ್ನು ನೋಡಿರಬಹುದು. ಕನ್ನಡದ ಒಂದೊಂದು ಅಕ್ಷರಚಿಹ್ನೆ 3 ಬೈಟ್, ಲಿಂಕ್‌ನಲ್ಲಿ 9 ಅಕ್ಷರ. ಸೆಟ್ಟಿಂಗ್‌ನಲ್ಲಿ 'ಸ್ಲಗ್ ಜನರೇಷನ್ ಮೆಥಡ್' (ಲಿಂಕ್‌ಗೆ ಶೀರ್ಷಿಕೆ ಸೇರಿಸುವ ರೀತಿ) ಎಂಬುದನ್ನು 'ನನ್' (none) ಮಾಡಿದರೆ ಶೀರ್ಷಿಕೆಯಿಲ್ಲದ ಚಿಕ್ಕ ಲಿಂಕ್ ಬರುತ್ತದೆ. ಶೀರ್ಷಿಕೆ ಕನಿಷ್ಠ 15 ಅಕ್ಷರ ಇರಬೇಕೆಂಬ ನಿಯಮವನ್ನೂ ಕನ್ನಡದಲ್ಲಿ ನಂಬುವಂತಿಲ್ಲ. ಒತ್ತು, ಗುಣಿತ ಎಲ್ಲ ಬೇರೆಬೇರೆಯಾಗಿ ಎಣಿಕೆಗೆ ಬರುವುದರಿಂದ 'ಪ್ರಿಂಟ್ ಬರ್ತಿಲ್ಲ' ಎಂಬ ಎರಡೇ ಪದ 16 ಆಗಿ ದಾಟಿಬಿಡುತ್ತದೆ. ಅದಕ್ಕಾಗಿ ವಿಭಾಗಕ್ಕೆ ಒಂದು ನಮೂನೆ ಇಡಿ: ತಂತ್ರಾಂಶದ ಆವೃತ್ತಿ, ಫೋನೋ ಕಂಪ್ಯೂಟರೋ, ಏನು ಮಾಡಿದಿರಿ, ಏನು ಬರಬೇಕಿತ್ತು, ಏನು ಬಂತು.

ಗಿಟ್‌ಹಬ್‌ನ ಇಶ್ಯೂ (ದೋಷ ವರದಿ) ಪಟ್ಟಿಯಲ್ಲಿ ದೋಷಕ್ಕಿಂತ 'ಹೇಗೆ ಮಾಡುವುದು' ಪ್ರಶ್ನೆಗಳೇ ತುಂಬಿವೆ. ನಿಜವಾದ ದೋಷ ಹುಡುಕುವುದೇ ಕಷ್ಟ.
– ಉಪನ್ಯಾಸಕರು, ಪೊನ್ನಂಪೇಟೆ

ಬಾಗಿಲಲ್ಲೇ ದಾರಿ ಬೇರೆ ಮಾಡಿ. ಕೋಡ್ ಇಟ್ಟಿರುವ ರೆಪೊಸಿಟರಿಯ ಇಶ್ಯೂ ಟೆಂಪ್ಲೇಟ್ ಫೋಲ್ಡರಿನಲ್ಲಿ ಒಂದು ಕಾನ್ಫಿಗ್ ಕಡತ ಇಟ್ಟು, ಖಾಲಿ ಇಶ್ಯೂ ತೆರೆಯುವುದನ್ನು ನಿಲ್ಲಿಸಿ. ಅದೇ ಕಡತದಲ್ಲಿ 'ಬಳಕೆಯ ಪ್ರಶ್ನೆ ಇಲ್ಲಿ ಕೇಳಿ' ಎಂದು ಸಹಾಯ ವೇದಿಕೆಯ ಲಿಂಕ್ ಸೇರಿಸಿ. ದೋಷಕ್ಕೆ ಒಂದು ಫಾರ್ಮ್ ಇರಲಿ, ಅದರಲ್ಲಿ ಆವೃತ್ತಿ ಮತ್ತು ಮರುಕಳಿಸುವ ಹೆಜ್ಜೆಗಳನ್ನು ಕಡ್ಡಾಯ ಮಾಡಿ. ಡಿಸ್ಕಷನ್ಸ್ ಬಳಸುತ್ತಿದ್ದರೆ ಈಗಿರುವ ಪ್ರಶ್ನೆಗಳನ್ನು ಒಂದೊಂದಾಗಿ ಅತ್ತ ವರ್ಗಾಯಿಸಲು ಇಶ್ಯೂ ಪುಟದ ಬಲಬದಿಯಲ್ಲೇ ಗುಂಡಿ ಇದೆ. ವೇದಿಕೆಯಲ್ಲಿ ಬಂದ ಪ್ರಶ್ನೆ ದೋಷವೆಂದು ಗೊತ್ತಾದಾಗ ಇಶ್ಯೂ ತೆರೆಯುವ ಕೆಲಸ ತಂಡದವರದ್ದು. 'ಗಿಟ್‌ಹಬ್‌ಗೆ ಹೋಗಿ ಬರೆಯಿರಿ' ಎಂದು ಕೇಳಿದವರನ್ನು ಅಲೆದಾಡಿಸಬೇಡಿ, ಅರ್ಧದಷ್ಟು ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ.

ಒಬ್ಬರು ಕೂಲಿಯವರ ಹೆಸರು, ಆಧಾರ್, ಬ್ಯಾಂಕ್ ಖಾತೆ ಇರುವ ಪಟ್ಟಿಯ ಸ್ಕ್ರೀನ್‌ಶಾಟ್ ಎಲ್ಲರಿಗೂ ಕಾಣುವಂತೆ ಹಾಕಿದರು. ಅಳಿಸಿದೆವು. ಅಷ್ಟು ಸಾಕೆ?
– ನಿರ್ವಾಹಕರು, ವಿರಾಜಪೇಟೆ

ಸಾಲದು. ಡಿಸ್ಕೋರ್ಸ್‌ನಲ್ಲಿ ಅಳಿಸಿದ ಬರಹ ನಿರ್ವಾಹಕರಿಗೆ ಕಾಣುತ್ತಲೇ ಇರುತ್ತದೆ, ತಿದ್ದಿದ ಬರಹದ ಹಳೆಯ ರೂಪ ತಿದ್ದುಪಡಿಯ ಇತಿಹಾಸದಲ್ಲಿ ಉಳಿಯುತ್ತದೆ. ಶಾಶ್ವತವಾಗಿ ಅಳಿಸುವ ಅಧಿಕಾರವನ್ನು ಸೆಟ್ಟಿಂಗ್‌ನಲ್ಲಿ ಪ್ರತ್ಯೇಕವಾಗಿ ಚಾಲೂ ಮಾಡಬೇಕು. ಚಿತ್ರದ ಕಡತವೂ ಹೋಯಿತೇ ಎಂದು ಅದರ ನೇರ ಲಿಂಕ್ ತೆರೆದು ನೋಡಿ. ಅಷ್ಟರಲ್ಲಿ ಇಮೇಲ್ ಸೂಚನೆ ಪಡೆದವರ ಪೆಟ್ಟಿಗೆಯಲ್ಲಿ ಪ್ರತಿ ಇರುತ್ತದೆ. ಅವರಿಗೆ ಅಳಿಸಲು ಬರೆಯಿರಿ. ಆ ತೋಟದವರಿಗೂ ಅವರ ಮೂಲಕ ಆ ಕೂಲಿಯವರಿಗೂ ವಿಷಯ ತಿಳಿಸಿ. ದಾಖಲೆ ಅವರದ್ದು, ಅದು ಹೊರಬಿದ್ದ ಸಂಗತಿ ಅವರಿಗೆ ಗೊತ್ತಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ದೃಷ್ಟಿಯಿಂದಲೂ ಇದು ಹಗುರವಾಗಿ ಬಿಡುವ ವಿಷಯವಲ್ಲ.

ಮುಂದಕ್ಕೆ, ಸುಳ್ಳು ಹೆಸರು ಮತ್ತು ಅಂಕಿಗಳಿರುವ ಒಂದು ಮಾದರಿ ತೋಟದ ಲೆಕ್ಕವನ್ನು ತಂತ್ರಾಂಶದ ಜೊತೆಗೇ ಕೊಡಿ. 'ದೋಷವನ್ನು ಈ ಮಾದರಿಯಲ್ಲಿ ತೋರಿಸಿ' ಎಂದು ನಮೂನೆಯ ಮೊದಲ ಸಾಲಿನಲ್ಲೇ ಬರೆಯಿರಿ. ನಿಜವಾದ ಲೆಕ್ಕವನ್ನೇ ನೋಡಬೇಕಾದ ಪ್ರಶ್ನೆಗಳಿಗೆ ಕೇಳಿದವರಿಗೂ ತಂಡಕ್ಕೂ ಮಾತ್ರ ಕಾಣುವ ಬೇರೆ ಖಾಸಗಿ ಟಿಕೆಟ್ ವ್ಯವಸ್ಥೆ ಇಡಿ. ಓಎಸ್‌ಟಿಕೆಟ್ ಅಥವಾ ಫ್ರೀಸ್ಕೌಟ್ ಸಾಕು, ಎರಡೂ ಪಿಎಚ್‌ಪಿ ಹೋಸ್ಟಿಂಗ್‌ನಲ್ಲಿ ನಡೆಯುತ್ತವೆ. ಜ್ಯಾಮಾಡ್ ಚೆನ್ನಾಗಿದೆ, ಆದರೆ ಚಿಕ್ಕ ತಂಡಕ್ಕೆ ಅದರ ಸರ್ವರ್ ಖರ್ಚು ಹೆಚ್ಚು.

ವಾಟ್ಸಾಪ್‌ನ ಹಳೆಯ ಮಾತನ್ನೆಲ್ಲ ಹೊಸ ವೇದಿಕೆಗೆ ತುಂಬಬಹುದೆ?
– ಓದುಗರು, ಸುಂಟಿಕೊಪ್ಪ

ಬೇಡ. ಅದು ಮುಚ್ಚಿದ ಗುಂಪಿನಲ್ಲಿ ಆಡಿದ ಮಾತು, ಬರೆದವರ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಮಾಡುವಂತಿಲ್ಲ. ಹೆಚ್ಚು ಸಲ ಬಂದ 20 ಪ್ರಶ್ನೆ ಆರಿಸಿ, ಹೆಸರಿಲ್ಲದೆ, ಇಂದಿನ ಆವೃತ್ತಿಗೆ ಹೊಂದುವಂತೆ ಹೊಸದಾಗಿ ಬರೆಯಿರಿ. ಹಳೆಯ ಆವೃತ್ತಿಯ ಉತ್ತರ ಉಳಿದುಕೊಂಡರೆ ಸಹಾಯಕ್ಕಿಂತ ತೊಂದರೆಯೇ ಹೆಚ್ಚು.

ವೇದಿಕೆ ಶುರುಮಾಡಿ ಮೂರು ತಿಂಗಳು. ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯುವುದು ಹೇಗೆ?
– ಓದುಗರು, ನಾಪೋಕ್ಲು

ಸದಸ್ಯರ ಸಂಖ್ಯೆ ನೋಡಬೇಡಿ. ಪ್ರತಿ ಸೋಮವಾರ ಮೂರು ಸಂಗತಿ ಬರೆದಿಡಿ: ಎರಡು ದಿನ ಕಳೆದರೂ ಯಾರೂ ಉತ್ತರಿಸದ ಪ್ರಶ್ನೆ ಎಷ್ಟು, ಉತ್ತರ ಬಂದರೂ 'ಸರಿಯಾಯಿತು' ಎಂಬ ಗುರುತು ಬೀಳದವು ಎಷ್ಟು, ತಂಡದ ಹೊರಗಿನವರು ಕೊಟ್ಟ ಉತ್ತರ ಎಷ್ಟು. ಮೊದಲನೆಯದು ಹೆಚ್ಚುತ್ತಿದ್ದರೆ ಸರದಿ ಹಾಕಿ, ವಾರಕ್ಕೊಬ್ಬರು ಹೊಣೆ ಹೊರಲಿ. ನಾಪೋಕ್ಲು, ಭಾಗಮಂಡಲದ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗುವುದರಿಂದ ಜೂನ್–ಸೆಪ್ಟೆಂಬರ್‌ನ ಸರದಿಯಲ್ಲಿ ಜಿಲ್ಲೆಯ ಹೊರಗಿರುವ ಒಬ್ಬರನ್ನು ಜೋಡಿ ಮಾಡಿ. ಉತ್ತರವಿಲ್ಲದ ಪ್ರಶ್ನೆಯನ್ನು ಇಂತಿಷ್ಟು ದಿನಕ್ಕೆ ತಾನಾಗಿ ಮುಚ್ಚುವ ಸೌಲಭ್ಯ ಬಳಸಬೇಡಿ. ಪಟ್ಟಿ ಚೊಕ್ಕವಾಗಿ ಕಾಣುತ್ತದೆ, ಕೇಳಿದವರಿಗೆ ಮಾತ್ರ ಬಾಗಿಲು ಹಾಕಿದಂತಾಗುತ್ತದೆ. ಎರಡನೆಯ ಎಣಿಕೆಗೆ ಪ್ರಶ್ನೆ ಕೇಳಿದವರಿಗೇ ಒಂದು ಸಾಲು ಬರೆದು ಕೇಳಿ. ಎಷ್ಟೋ ಸಲ ಕೆಲಸ ಆಗಿರುತ್ತದೆ, ಗುರುತು ಹಾಕುವುದು ಗೊತ್ತಿರುವುದಿಲ್ಲ. ತೋಟದ ರೈಟರ್ ಒಬ್ಬರು ಇನ್ನೊಬ್ಬ ರೈಟರ್‌ಗೆ ಉತ್ತರ ಬರೆದದ್ದು ಕಂಡರೆ ಅದನ್ನು ತಿದ್ದಲು ಹೋಗದೆ, ಬಿಟ್ಟುಹೋದ ಹೆಜ್ಜೆ ಇದ್ದರೆ ಕೆಳಗೆ ಸೇರಿಸಿ, ಅವರ ಬರಹಕ್ಕೇ ಸರಿಯುತ್ತರದ ಗುರುತು ಹಾಕಿ.